ಮರದ ಸೈಕಲ್ಲು: ಮೋಹವೆಷ್ಟು, ಉಪಯೋಗವೆಷ್ಟು?



ಭಾನುವಾರದ ನಸುಕಿನಲ್ಲಿ ನಂದಿಬೆಟ್ಟದ ರಸ್ತೆಯನ್ನು ನೋಡಿದವರಿಗೆ ಒಂದು ದೃಶ್ಯ ಚಿರಪರಿಚಿತ. ಬೆಂಗಳೂರಿನಿಂದ ಕತ್ತಲಲ್ಲೇ ಹೊರಟ ಸೈಕಲ್ ಸವಾರರು ತಲೆಗೆ ಶಿರಸ್ತ್ರಾಣ ಧರಿಸಿ, ಏದುಸಿರು ಬಿಡುತ್ತ, ಒಂದೊಂದೇ ತಿರುವನ್ನು ಹತ್ತಿಕೊಂಡು ಮೇಲೇರುತ್ತಿರುತ್ತಾರೆ. ಅವರ ಸೈಕಲ್ಲುಗಳಲ್ಲಿ ಕೆಲವು ಅಲ್ಯೂಮಿನಿಯಮ್ಮಿನವು, ಕೆಲವು ಇಂಗಾಲದ ಎಳೆಯವು, ಅಪರೂಪಕ್ಕೊಂದು ಬಿದಿರಿನದು. ಅದೇ ಹೊತ್ತಿಗೆ ಬೆಟ್ಟದ ತಪ್ಪಲಿನ ಹಳ್ಳಿಯ ಹಟ್ಟಿಯೊಂದರಲ್ಲಿ ಹಳೆಯ ಕಪ್ಪು ಸೈಕಲ್ಲೊಂದು ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿರುತ್ತದೆ. ಒಂದು ಕಾಲದಲ್ಲಿ ಅದು ಹಾಲಿನ ಕ್ಯಾನನ್ನೂ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನೂ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡಿನ ಚೀಲವನ್ನೂ ಹೊತ್ತದ್ದು. ಈಗ ಆ ಕೆಲಸವನ್ನು ಪೆಟ್ರೋಲಿನ ದ್ವಿಚಕ್ರ ವಾಹನ ಮಾಡುತ್ತಿದೆ.

ನಗರಕ್ಕೆ ಸೈಕಲ್ಲು ಹೊಸದಾಗಿ ದೊರೆತ ಸಂತೋಷ. ಹಳ್ಳಿಗೆ ಅದು ಬಿಟ್ಟುಹೋದ ಬಡತನದ ನೆನಪು. ಮರದ ಸೈಕಲ್ಲಿನ ವಿಚಾರವನ್ನು ಈ ಎರಡು ದೃಶ್ಯಗಳ ನಡುವೆ ಇಟ್ಟು ನೋಡಬೇಕು. ಅದು ನಗರದ ಶ್ರೀಮಂತರ ಆಟಿಕೆಯಾಗಿ ಉಳಿಯುವುದೋ, ಇಲ್ಲವೇ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಬಡಗಿಗೆ, ಮೇದಾರನಿಗೆ, ಶಾಲೆಗೆ ನಡೆಯುವ ಹುಡುಗಿಗೆ ಅದರಿಂದ ಏನಾದರೂ ದಕ್ಕುವುದೋ ಎಂಬುದೇ ಇಂದಿನ ಪ್ರಶ್ನೆ.

ಸೈಕಲ್ಲು ಹುಟ್ಟಿದ್ದೇ ಮರದಲ್ಲಿ

ಮರದ ಸೈಕಲ್ಲು ಎಂದೊಡನೆ ಹೊಸ ಸೋಜಿಗವೆಂದು ಭಾವಿಸುವವರುಂಟು. ವಾಸ್ತವದಲ್ಲಿ ಮರವೇ ಮೊದಲು, ಉಕ್ಕು ಆಮೇಲೆ. 1817ರ ಜೂನ್ ತಿಂಗಳಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ಎರಡು ಚಕ್ರಗಳ ಮೇಲೆ ಒಂದು ಮರದ ದಿಮ್ಮಿಯನ್ನು ಕೂರಿಸಿ, ಅದರ ಮೇಲೆ ಕುಳಿತು, ಕಾಲಿನಿಂದ ನೆಲವನ್ನು ಒದೆಯುತ್ತ ಓಡಿದನು. ಅದಕ್ಕೆ ಪೆಡಲೂ ಇರಲಿಲ್ಲ, ಸರಪಳಿಯೂ ಇರಲಿಲ್ಲ. ಅದಕ್ಕೆ ಹಿಂದಿನ ವರ್ಷ ಯೂರೋಪಿನಲ್ಲಿ ಬೇಸಗೆಯೇ ಬರಲಿಲ್ಲ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಬೂದಿ ಆಕಾಶವನ್ನು ಕವಿದು ಬೆಳೆ ನಾಶವಾಗಿತ್ತು. ಕುದುರೆಗೆ ಮೇವಿಲ್ಲದ ಆ ಕಾಲವೇ ಕುದುರೆಯಿಲ್ಲದ ವಾಹನದ ಯೋಚನೆಗೆ ಕಾರಣವಾಯಿತೆಂದು ಕೆಲವು ಇತಿಹಾಸಕಾರರು ಊಹಿಸುತ್ತಾರೆ.

1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಮುಂಚಕ್ರಕ್ಕೆ ಪೆಡಲು ಬಂದಿತು. ಆ ಗಾಡಿಗಳ ಚಕ್ರಗಳೂ ಮರದವೇ. ಮೇಲೆ ಕಬ್ಬಿಣದ ಪಟ್ಟಿ. ಎತ್ತಿನ ಗಾಡಿಯ ಚಕ್ರವನ್ನು ಬಲ್ಲವರಿಗೆ ಅದರ ರಚನೆ ಅಪರಿಚಿತವಲ್ಲ: ನಡುವೆ ಗುಂಬ, ಸುತ್ತ ಅರೆಕಾಲುಗಳು, ಕಾಯಿಸಿ ತೊಡಿಸಿದ ಪಟ್ಟಾ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಸಮನಾಗಿರುವ, ಹಿಂಚಕ್ರಕ್ಕೆ ಸರಪಳಿಯುಳ್ಳ ಸೈಕಲ್ಲನ್ನು ತಂದನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದನು. ಅಲ್ಲಿಂದ ಸೈಕಲ್ಲು ಉಕ್ಕಿನ ಕೊಳವೆಗಳ ವಸ್ತುವಾಯಿತು.

ಆದರೂ ಮರದ ಜಾತಿಯ ವಸ್ತುವನ್ನು ಜನ ಪೂರ್ತಿ ಬಿಡಲಿಲ್ಲ. 1894ರ ವೇಳೆಗೇ ಲಂಡನ್ನಿನಲ್ಲಿ ಬಿದಿರಿನ ಸೈಕಲ್ಲು ತಯಾರಿಸುವ ಕಂಪನಿ ಇತ್ತು. ಆಸ್ಟ್ರಿಯಾದಲ್ಲಿಯೂ ಅದೇ ದಶಕದಲ್ಲಿ ಅಂತಹ ಸೈಕಲ್ಲುಗಳು ತಯಾರಾದವು. ಅಗ್ಗದ ಉಕ್ಕಿನ ಕೊಳವೆಯ ಎದುರು ಅವು ನಿಲ್ಲಲಿಲ್ಲ. ನೂರು ವರ್ಷಗಳ ಬಳಿಕ, 1990ರ ದಶಕದ ನಡುವಿನಲ್ಲಿ, ಕ್ಯಾಲಿಫೋರ್ನಿಯಾದ ಸೈಕಲ್ ತಯಾರಕ ಕ್ರೇಗ್ ಕ್ಯಾಲ್ಫೀ ಬಿದಿರನ್ನು ಮತ್ತೆ ಕೈಗೆತ್ತಿಕೊಂಡನು. ಈಚಿನ ವರ್ಷಗಳಲ್ಲಿ ಬೆಂಗಳೂರು, ಪುಣೆಗಳಲ್ಲಿಯೂ ಸಣ್ಣ ಕಾರ್ಯಾಗಾರಗಳಲ್ಲಿ ಬಿದಿರಿನ ಸೈಕಲ್ಲುಗಳು ತಯಾರಾಗಿವೆ. ಆದ್ದರಿಂದ ಇದು ಸಾಧ್ಯವೇ ಎಂದು ಕೇಳುವ ಕಾಲ ಕಳೆದಿದೆ. ಯಾರಿಗಾಗಿ, ಎಂತಹ ಮರದಿಂದ, ಯಾವ ಬೆಲೆಗೆ ಎಂಬುದನ್ನು ಕೇಳಬೇಕು.

ಬಿದಿರಿನ ಗುಣ, ಮರದ ಗುಣ

ಬಿದಿರು ಮರವಲ್ಲ, ಅದೊಂದು ಹುಲ್ಲು. ಮಳೆಗಾಲದಲ್ಲಿ ನೆಲದಿಂದೆದ್ದ ಕಳಲೆ ಕೆಲವೇ ತಿಂಗಳಲ್ಲಿ ತನ್ನ ಪೂರ್ಣ ಎತ್ತರವನ್ನು ಮುಟ್ಟುತ್ತದೆ. ಆದರೆ ಎತ್ತರ ಬಂದ ಮಾತ್ರಕ್ಕೆ ಬಲ ಬಾರದು. ಗಳು ಗಟ್ಟಿಯಾಗಲು ಮೂರರಿಂದ ನಾಲ್ಕು ವರ್ಷ ಬೇಕು. ಎಳೆಯ ಬಿದಿರಿನಿಂದ ಮಾಡಿದ ಸೈಕಲ್ಲು ಒಣಗುತ್ತಲೇ ಸುಕ್ಕಾಗಿ ಸೀಳುತ್ತದೆ.

ಬಿದಿರಿನ ನಾರು ಉದ್ದಕ್ಕೆ ಎಳೆದರೆ ಬಹಳ ಬಲವುಳ್ಳದ್ದು. ತೂಕದಲ್ಲಿ ಬಿದಿರು ಉಕ್ಕಿನ ಸುಮಾರು ಹತ್ತನೆಯ ಒಂದು ಭಾಗ. ಬಾಗದೆ ನಿಲ್ಲುವ ಬಿಗಿತನದಲ್ಲಿಯೂ ಅದು ಸುಮಾರು ಹತ್ತನೆಯ ಒಂದು ಭಾಗವೇ. ಹೀಗಿರುವಾಗ ಉಕ್ಕಿನ ಕೊಳವೆಯ ಜಾಗದಲ್ಲಿ ಅದು ಹೇಗೆ ನಿಂತೀತು? ಉತ್ತರ ಅದರ ಆಕಾರದಲ್ಲಿದೆ. ಕೊಳವೆಯ ವ್ಯಾಸ ಹೆಚ್ಚಿದಂತೆ ಬಿಗಿತನ ಬಹುಬೇಗ ಹೆಚ್ಚುತ್ತದೆ. ಹಗುರವಾದ ವಸ್ತುವನ್ನು ದಪ್ಪ ಕೊಳವೆಯಾಗಿ ಬಳಸಿದರೆ ತೂಕ ಏರದೆ ಬಿಗಿತನ ದೊರೆಯುತ್ತದೆ. ಬಿದಿರು ಹುಟ್ಟಾ ಕೊಳವೆ. ಅದರ ನಡುನಡುವೆ ಇರುವ ಗೆಣ್ಣುಗಳು ಕೊಳವೆ ಚಪ್ಪಟೆಯಾಗದಂತೆ, ಸೀಳು ಮುಂದಕ್ಕೆ ಹರಿಯದಂತೆ ತಡೆಯುತ್ತವೆ. ನಾರುಗಳು ಹೊರಸಿಪ್ಪೆಯ ಕಡೆಗೇ ದಟ್ಟವಾಗಿರುವುದರಿಂದ ಬಲ ಬೇಕಾದ ಜಾಗದಲ್ಲೇ ಬಲವಿರುತ್ತದೆ. ಹೊರಮೈಯನ್ನು ಆಳವಾಗಿ ಕೆತ್ತಬಾರದೆಂದು ಮೇದಾರರು ಹೇಳುವುದು ಇದೇ ಕಾರಣಕ್ಕೆ.

ಬಿದಿರಿನ ಇನ್ನೊಂದು ಗುಣವನ್ನು ಸವಾರರೆಲ್ಲರೂ ಮೆಚ್ಚುತ್ತಾರೆ. ಕಲ್ಲುಮಣ್ಣಿನ ದಾರಿಯಲ್ಲಿ ಚಕ್ರದಿಂದೇಳುವ ಅದುರನ್ನು ಅದು ಉಕ್ಕಿಗಿಂತ, ಅಲ್ಯೂಮಿನಿಯಮ್ಮಿಗಿಂತ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಜಲ್ಲಿ ಕಿತ್ತ ಹಳ್ಳಿಯ ರಸ್ತೆಯಲ್ಲಿ ದಿನವೂ ಹೋಗಿಬರುವವನ ಮಣಿಕಟ್ಟಿಗೆ, ಬೆನ್ನಿಗೆ ಇದು ಸಣ್ಣ ಉಪಕಾರವೇನಲ್ಲ.

ಗಟ್ಟಿ ಮರದ ವಿಚಾರ ಬೇರೆ. ಮರ ಉದ್ದಕ್ಕೆ ಬಲವಾದುದು, ಅಡ್ಡಕ್ಕೆ ದುರ್ಬಲವಾದುದು. ಸೈಕಲ್ಲಿನ ಚೌಕಟ್ಟಿನಲ್ಲಿ ಬಲವೆಲ್ಲ ಬಂದು ಸೇರುವುದು ಸಂಧಿಗಳಲ್ಲಿ. ಅಲ್ಲಿ ಮರ ಸೀಳುವ ಅಪಾಯ ಹೆಚ್ಚು. ಆದುದರಿಂದ ಮರದ ಚೌಕಟ್ಟನ್ನು ಒಂದೇ ತುಂಡಿನಿಂದ ಕಡೆಯದೆ, ತೆಳುವಾದ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ, ಇಲ್ಲವೇ ಹಬೆಯಲ್ಲಿ ಬಾಗಿಸಿ ಮಾಡುತ್ತಾರೆ. ಈ ಸೀಮೆಯ ಬಡಗಿಗಳು ಯಾವ ಕೆಲಸಕ್ಕೆ ಯಾವ ಮರ ಎಂಬುದನ್ನು ತಲೆಮಾರುಗಳಿಂದ ಬಲ್ಲವರು. ಗಾಡಿಯ ಚಕ್ರಕ್ಕೂ ನೇಗಿಲಿಗೂ ಕರಿಜಾಲಿಯನ್ನೇ ಹುಡುಕುತ್ತಿದ್ದರು. ಹಿಪ್ಪುನೇರಳೆಯ ಮರ ಪೆಟ್ಟು ತಡೆಯುವ, ಬಾಗುವ ಗುಣವುಳ್ಳದ್ದು. ಉತ್ತರ ಭಾರತದಲ್ಲಿ ಹಾಕಿ ಕೋಲುಗಳನ್ನು ಅದರಿಂದ ಮಾಡುವುದು ಆ ಕಾರಣಕ್ಕೆ. ಶಿಡ್ಲಘಟ್ಟ, ಚಿಂತಾಮಣಿಗಳ ರೈತರು ನೀರಿನ ಅಭಾವದಿಂದಾಗಿ ಪೊದೆ ಹಿಪ್ಪುನೇರಳೆಯಿಂದ ಮರ ಹಿಪ್ಪುನೇರಳೆಯ ಕಡೆಗೆ ಹೊರಳುತ್ತಿದ್ದಾರೆ. ಮುಂದೊಂದು ದಿನ ಆ ಮರಗಳಿಗೆ ವಯಸ್ಸಾದಾಗ ಅವು ಒಲೆಗೇ ಹೋಗಬೇಕೆ ಎಂಬುದು ಈಗಲೇ ಯೋಚಿಸಬಹುದಾದ ಪ್ರಶ್ನೆ.

ಮಾಡುವ ಬಗೆ

ಬಿದಿರಿನ ಚೌಕಟ್ಟನ್ನು ಮಾಡುವ ಕ್ರಮವನ್ನು ಸಂಕ್ಷೇಪವಾಗಿ ತಿಳಿಯುವುದು ಒಳಿತು. ಏಕೆಂದರೆ ಅದರ ಕಷ್ಟಗಳೆಲ್ಲ ಆ ಕ್ರಮದಲ್ಲೇ ಅಡಗಿವೆ.

ಮೊದಲನೆಯದು ಆಯ್ಕೆ. ಮೂರು ವರ್ಷ ಮೀರಿದ, ನೇರವಾದ, ಗೋಡೆ ದಪ್ಪನಾದ ಗಳುಗಳನ್ನು ಮಳೆಗಾಲ ಕಳೆದ ಮೇಲೆ ಕಡಿಯಬೇಕು. ಆಗ ಗಳುವಿನಲ್ಲಿ ಪಿಷ್ಟ ಕಡಿಮೆ. ಪಿಷ್ಟ ಕಡಿಮೆಯಾದಷ್ಟೂ ಕುಟ್ಟೆಹುಳುವಿನ ಕಾಟ ಕಡಿಮೆ. ಈ ಸೀಮೆಯ ಒಣಗುಡ್ಡಗಳಿಗೆ ಹೊಂದುವ ಕಿರುಬಿದಿರು ಒಣನೆಲದಲ್ಲಿ ಬಹುಮಟ್ಟಿಗೆ ಗಟ್ಟಿಯಾಗಿ, ಒಳಟೊಳ್ಳು ಚಿಕ್ಕದಾಗಿ ಬೆಳೆಯುತ್ತದೆ. ಲಾಠಿಗೆ ಅದನ್ನೇ ಬಳಸುವುದು. ಸೈಕಲ್ಲಿನ ಹಿಂಭಾಗದ ಸಣ್ಣ ಕಡ್ಡಿಗಳಿಗೆ ಅದು ತಕ್ಕುದು.

ಎರಡನೆಯದು ಸಂಸ್ಕಾರ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ನೆನೆಸಿದರೆ ಹುಳು, ಬೂಷ್ಟುಗಳಿಂದ ರಕ್ಷಣೆ ದೊರೆಯುತ್ತದೆ. ಆಮೇಲೆ ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಬೇಕು. ಬಿಸಿಲಿಗಿಟ್ಟು ಅವಸರಪಟ್ಟರೆ ಬಿರುಕು ನಿಶ್ಚಿತ.

ಮೂರನೆಯದು ಜೋಡಣೆ. ಗಳುಗಳ ತುದಿಗಳನ್ನು ಒಂದಕ್ಕೊಂದು ಒಪ್ಪುವಂತೆ ಕೊರೆದು, ಸಂಧಿಗೆ ನಾರನ್ನು ಅಂಟಿನಲ್ಲಿ ಅದ್ದಿ ಬಿಗಿಯಾಗಿ ಸುತ್ತುತ್ತಾರೆ. ಸೆಣಬು, ಅಗಸೆನಾರು ಇದಕ್ಕೆ ಬಳಕೆಯಲ್ಲಿವೆ. ಹೊಲದ ಬದುಗಳಲ್ಲಿ ಬೆಳೆಯುವ ಕತ್ತಾಳೆಯ ನಾರನ್ನೂ ಪರೀಕ್ಷಿಸಬಹುದು. ಹ್ಯಾಂಡಲ್ ತಿರುಗುವ ಕೊಳವೆ, ಪೆಡಲಿನ ಅಚ್ಚು ಕೂರುವ ಬಟ್ಟಲು, ಹಿಂಚಕ್ರ ಸಿಕ್ಕಿಸುವ ಕಚ್ಚುಗಳು, ಇವೆಲ್ಲ ಲೋಹದವೇ ಆಗಿರಬೇಕು. ಚಕ್ರ, ಸರಪಳಿ, ಬ್ರೇಕುಗಳ ಮಾತಂತೂ ಹೇಳಬೇಕಾದುದೇ ಇಲ್ಲ.

ನಾಲ್ಕನೆಯದು ಪರೀಕ್ಷೆ. ಇದನ್ನು ಬಿಟ್ಟರೆ ಉಳಿದುದೆಲ್ಲ ವ್ಯರ್ಥ. ಅಂತರರಾಷ್ಟ್ರೀಯ ಸುರಕ್ಷತಾ ಮಾನಕದಲ್ಲಿ ಚೌಕಟ್ಟಿನ ಮೇಲೆ ಪೆಡಲು ತುಳಿತದ ಬಲವನ್ನು ಒಂದು ಲಕ್ಷ ಬಾರಿ ಹಾಕಿ ನೋಡುವ ವಿಧಾನವಿದೆ. ಒಮ್ಮೆ ಭಾರ ಹೊತ್ತುದರಿಂದ ಚೌಕಟ್ಟು ಗಟ್ಟಿಯೆಂದು ಸಾರುವಂತಿಲ್ಲ; ಮತ್ತೆ ಮತ್ತೆ ಹೊತ್ತು ದಣಿದ ಮೇಲೂ ನಿಂತರೆ ಮಾತ್ರ ಅದು ಗಟ್ಟಿ. ಇಳಿಜಾರಿನಲ್ಲಿ ಹ್ಯಾಂಡಲಿನ ಬುಡ ಕಳಚಿದರೆ ಬೀಳುವವನು ಮನುಷ್ಯ, ಸಿದ್ಧಾಂತವಲ್ಲ.

ನಿಷ್ಠುರವಾದ ಲೆಕ್ಕ

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಪ್ರೌಢಶಾಲೆಯ ಓದಿಗಾಗಿ ಊರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೋದವರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿಯನ್ನು ರಚಿಸಿದರು. ಪ್ರಶ್ನಿಸದೆ ಒಪ್ಪಬಾರದೆಂಬ ಆ ಪಾಠವನ್ನು ಪರಿಸರದ ಹೆಸರಿನಲ್ಲಿ ಬರುವ ಪವಾಡಗಳಿಗೂ ಅನ್ವಯಿಸಬೇಕು. ಬಿದಿರಿನ ಸೈಕಲ್ಲು ಭೂಮಿಯನ್ನು ಉಳಿಸುತ್ತದೆ ಎಂಬುದು ಅಂತಹ ಒಂದು ಮಾತು.

ಲೆಕ್ಕ ಹೀಗಿದೆ. ಸಾಮಾನ್ಯ ಉಕ್ಕಿನ ಸೈಕಲ್ಲಿನಲ್ಲಿ ಚೌಕಟ್ಟಿನ ಉಕ್ಕು ಸುಮಾರು 3 ಕಿಲೋ ಎಂದಿಟ್ಟುಕೊಳ್ಳೋಣ. ಒಂದು ಕಿಲೋ ಉಕ್ಕನ್ನು ತಯಾರಿಸುವಾಗ ಸುಮಾರು 2 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಲ್ಲಿಗೆ ಉಕ್ಕಿನ ಚೌಕಟ್ಟನ್ನು ಬಿಟ್ಟುದರಿಂದ ಉಳಿಯುವುದು ಹೆಚ್ಚೆಂದರೆ 6 ಕಿಲೋ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಎಂದರೆ ಚೌಕಟ್ಟಿನ ಇಡೀ ಉಳಿತಾಯ ಎರಡೂವರೆ ಲೀಟರ್ ಪೆಟ್ರೋಲಿಗೆ ಸಮ. ಲೀಟರಿಗೆ 50 ಕಿಲೋಮೀಟರ್ ಓಡುವ ಮೋಟಾರ್ ಸೈಕಲ್ಲನ್ನು ಬದಿಗಿಟ್ಟು, ದಿನಕ್ಕೆ 10 ಕಿಲೋಮೀಟರಿನಂತೆ ಹಳೆಯ ಉಕ್ಕಿನ ಸೈಕಲ್ಲನ್ನೇ ತುಳಿದವನು ಎರಡು ವಾರದೊಳಗೆ ಅಷ್ಟನ್ನೂ ಉಳಿಸಿರುತ್ತಾನೆ. ಬಿದಿರಿನ ಸಂಧಿಗೆ ಬಳಸುವ ಎಪಾಕ್ಸಿ ಅಂಟು ಸಹ ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ್ದೇ ಎಂಬುದನ್ನು ಮರೆಯುವಂತಿಲ್ಲ.

ಈ ಲೆಕ್ಕದಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಹಟ್ಟಿಯ ಗೋಡೆಗೆ ಒರಗಿದ ತುಕ್ಕುಹಿಡಿದ ಸೈಕಲ್ಲಿಗೆ ಎಣ್ಣೆ ಹಾಕಿ ಹೊರತೆಗೆಯುವುದು ಹೊಸ ಬಿದಿರಿನ ಸೈಕಲ್ಲನ್ನು ಕೊಳ್ಳುವುದಕ್ಕಿಂತ ದೊಡ್ಡ ಪರಿಸರ ಕಾರ್ಯ. ಎರಡನೆಯದಾಗಿ, ಮರದ ಸೈಕಲ್ಲಿಗೆ ಸಮರ್ಥನೆ ಏನಾದರೂ ಇದ್ದರೆ ಅದನ್ನು ಹೊಗೆಯ ಲೆಕ್ಕದಲ್ಲಿ ಹುಡುಕದೆ ಬೇರೆಡೆ ಹುಡುಕಬೇಕು.

ಬೆಲೆಯ ಮಾತೂ ಇದೆ. ಕೈಯಿಂದ ಮಾಡಿದ ಬಿದಿರಿನ ಸೈಕಲ್ಲು ಅಂಗಡಿಯ ಸಾದಾ ಸೈಕಲ್ಲಿಗಿಂತ ಹಲವು ಪಟ್ಟು ದುಬಾರಿ. ಯಂತ್ರದಲ್ಲಿ ನಿಮಿಷಗಳಲ್ಲಿ ಬೆಸೆಯುವ ಸಂಧಿಯನ್ನು ಇಲ್ಲಿ ಮನುಷ್ಯ ದಿನಗಟ್ಟಲೆ ಕುಳಿತು ಸುತ್ತಬೇಕು. ಆದರೆ ಇದೇ ಸಂಗತಿಯನ್ನು ತಿರುಗಿಸಿ ನೋಡಬಹುದು. ಸಾದಾ ಸೈಕಲ್ಲಿನ ಬೆಲೆಯಲ್ಲಿ ಬಹುಪಾಲು ದೂರದ ಕಾರ್ಖಾನೆಗೆ ಹೋಗುತ್ತದೆ. ಕೈಯಿಂದ ಮಾಡಿದ ಚೌಕಟ್ಟಿನ ಬೆಲೆಯಲ್ಲಿ ಬಹುಪಾಲು ಕೂಲಿಯೇ. ಆ ಕೂಲಿ ಯಾರ ಮನೆಗೆ ಹೋಗುತ್ತದೆ ಎಂಬಲ್ಲಿ ಮರದ ಸೈಕಲ್ಲಿನ ನಿಜವಾದ ಅರ್ಥವಿದೆ.

ಅನ್ಯದೇಶಗಳ ಅನುಭವ

ಈ ಪ್ರಶ್ನೆಗೆ ಮೂರು ದೇಶಗಳು ಮೂರು ಬಗೆಯ ಉತ್ತರ ಕೊಟ್ಟಿವೆ.

ಪಶ್ಚಿಮ ಆಫ್ರಿಕಾದ ಘಾನಾ ದೇಶದಲ್ಲಿ ಬರ್ನೀಸ್ ದಾಪಾ ಎಂಬ ಮಹಿಳೆ 2009ರಲ್ಲಿ ಸ್ನೇಹಿತರೊಡನೆ ಬಿದಿರು ಸೈಕಲ್ಲಿನ ಸಂಸ್ಥೆಯನ್ನು ಕಟ್ಟಿದರು. ಹಳ್ಳಿಯ ಯುವಕ ಯುವತಿಯರಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಚೌಕಟ್ಟು ಕಟ್ಟುವ ತರಬೇತಿ ಕೊಟ್ಟರು. ಕಡಿದ ಬಿದಿರಿಗೆ ಬದಲಾಗಿ ಹೊಸದನ್ನು ನೆಡುವ ಕ್ರಮವನ್ನೂ ಇಟ್ಟುಕೊಂಡರು. ಅವರ ಚೌಕಟ್ಟುಗಳು ವಿದೇಶಗಳಿಗೂ ಮಾರಾಟವಾಗುತ್ತವೆ. ದೂರದ ಶ್ರೀಮಂತನ ಹಣ ಹಳ್ಳಿಯ ಕೈಗೆ ಬರುತ್ತದೆ.

ಇಂಡೋನೇಷ್ಯಾದ ಜಾವಾ ದ್ವೀಪದ ತೆಮಾಂಗ್‌ಗುಂಗ್ ಸೀಮೆಯಲ್ಲಿ ಸಿಂಗ್‌ಗಿಃ ಕಾರ್ತೋನೊ ಎಂಬ ವಿನ್ಯಾಸಕಾರರು ತಮ್ಮ ಹಳ್ಳಿಯಲ್ಲೇ ನೆಲೆಸಿ ‘ಸ್ಪೆದಾಗಿ’ ಎಂಬ ಬಿದಿರಿನ ಸೈಕಲ್ಲನ್ನು ರೂಪಿಸಿದರು. ಆ ಹೆಸರಿಗೆ ಮುಂಜಾನೆಯ ಸೈಕಲ್ ಸವಾರಿ ಎಂಬ ಅರ್ಥದ ಮಾತುಗಳು ಮೂಲ. ಪೂರ್ತಿ ಗಳುವನ್ನು ಬಳಸದೆ, ಸೀಳಿದ ಬಿದಿರಿನ ಪಟ್ಟಿಗಳನ್ನು ಜೋಡಿಸಿ ಅಂಟಿಸುವುದು ಅವರ ವಿಧಾನ. 2022ರ ಜೂನ್ ತಿಂಗಳಲ್ಲಿ ಇಂಡೋನೇಷ್ಯಾದ ಅಂದಿನ ಅಧ್ಯಕ್ಷ ಜೋಕೊ ವಿದೋದೊ ಮತ್ತು ಆಸ್ಟ್ರೇಲಿಯಾದ ಪ್ರಧಾನಿ ಆಂಟನಿ ಆಲ್ಬನೀಸ್ ಬೋಗೋರ್ ಅರಮನೆಯ ಆವರಣದಲ್ಲಿ ಬಿದಿರಿನ ಸೈಕಲ್ಲುಗಳನ್ನು ತುಳಿದರು. ಸೈಕಲ್ಲಿನ ನೆವದಿಂದ ಹಳ್ಳಿಯ ಕಡೆಗೆ ಯುವಕರನ್ನು ಹಿಂದಕ್ಕೆ ಕರೆಯುವುದೇ ಕಾರ್ತೋನೊ ಅವರ ಉದ್ದೇಶ.

ಮೂರನೆಯ ಉದಾಹರಣೆ ಎಲ್ಲಕ್ಕಿಂತ ಸರಳ. ಪೂರ್ವ ಕಾಂಗೋದ ಗೋಮಾ ಪಟ್ಟಣದ ಸುತ್ತ ‘ಚುಕುಡು’ ಎಂಬ ಮರದ ಗಾಡಿ ಇದೆ. ಎರಡು ಮರದ ಚಕ್ರ, ನಡುವೆ ದಪ್ಪ ಹಲಗೆ, ಹಿಡಿಯಲು ಅಡ್ಡಕೋಲು. ಪೆಡಲಿಲ್ಲ. ಆಲೂಗಡ್ಡೆ, ಇದ್ದಿಲು, ಸೌದೆಗಳ ಕ್ವಿಂಟಾಲುಗಟ್ಟಲೆ ಹೊರೆಯನ್ನು ಅದರ ಮೇಲೇರಿಸಿ ಇಳಿಜಾರಿನಲ್ಲಿ ಜಾರಿಕೊಂಡು, ಏರಿನಲ್ಲಿ ತಳ್ಳಿಕೊಂಡು ಹೋಗುತ್ತಾರೆ. ಅದನ್ನು ಮಾಡುವುದು ಹೆಚ್ಚಾಗಿ ನೀಲಗಿರಿ ಮರದಿಂದ. ಆ ಪಟ್ಟಣದ ವೃತ್ತದಲ್ಲಿ ಚುಕುಡು ತಳ್ಳುವವನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಅದು ಬಡತನದ ವಾಹನ ಹೌದು. ಆದರೆ ಅದನ್ನು ಮಾಡುವವನೂ ಬಳಸುವವನೂ ಒಂದೇ ಊರಿನವರು.

ನಂದಿಯ ನೀಲಗಿರಿ, ಮೇದಾರರ ಚಂದ್ರಿಕೆ

ನೀಲಗಿರಿ ಎಂದೊಡನೆ ಈ ಸೀಮೆಯ ಜನ ನಿಟ್ಟುಸಿರು ಬಿಡುತ್ತಾರೆ. ಭಾರತದಲ್ಲಿ ಆ ಮರವನ್ನು ಮೊದಲು ನೆಟ್ಟದ್ದು ಸುಮಾರು 1790ರಲ್ಲಿ, ಟಿಪ್ಪುವಿನ ಕಾಲದ ನಂದಿದುರ್ಗದ ತೋಟದಲ್ಲಿ ಎಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ದೇಶದ ತುಂಬ ಹರಡಿದ ‘ಮೈಸೂರು’ ತಳಿಯ ಬೀಜ ಹೋದದ್ದು ನಂದಿಯ ಮರಗಳಿಂದಲೇ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಅಂದಿನ ಕೋಲಾರ ಜಿಲ್ಲೆಯ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. 1983ರಲ್ಲಿ ನೆರೆಯ ತುಮಕೂರು ಜಿಲ್ಲೆಯ ರೈತರು ಸಸಿಮಡಿಗಳಿಂದ ನೀಲಗಿರಿ ಸಸಿಗಳನ್ನು ಕಿತ್ತು ಪ್ರತಿಭಟಿಸಿದರು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಕೊಳವೆ ಬಾವಿಗಳು ಸಾವಿರ ಅಡಿ ದಾಟಿದ ಮೇಲೆ ಬಂದ ಆ ಆದೇಶವನ್ನು ಬೇಗ ಬಂದಿತೆಂದು ಯಾರೂ ಹೇಳಲಾರರು.

ಹಾಗೆಂದು ಕಡಿದ ನೀಲಗಿರಿಯಿಂದ ಸೈಕಲ್ಲು ಮಾಡಬಹುದೆಂದು ಹೊರಡುವುದು ಅವಸರ. ಏಳೆಂಟು ವರ್ಷಕ್ಕೆ ಕಡಿಯುವ ಎಳೆಯ ನೀಲಗಿರಿ ಒಣಗುವಾಗ ತಿರುಚುತ್ತದೆ, ತುದಿಯಲ್ಲಿ ಸೀಳುತ್ತದೆ. ದಪ್ಪ ತೊಲೆಯ ಚುಕುಡುವಿಗೆ ಅದು ಸಾಕು. ತೆಳು ಚೌಕಟ್ಟಿಗೆ ಸಾಲದು. ನೀಲಗಿರಿ ಹೋದ ನೆಲದಲ್ಲಿ ಮುಂದೆ ಏನು ನೆಡಬೇಕೆಂಬುದೇ ಹೆಚ್ಚು ಮುಖ್ಯವಾದ ಪ್ರಶ್ನೆ. ಅಲ್ಲಿ ಹೊಂಗೆ, ಬೇವು, ಹುಣಿಸೆ, ಸೀತಾಫಲಗಳ ನಡುವೆ ಕಿರುಬಿದಿರಿಗೂ ಒಂದು ಪಾಲು ಇರಬಹುದು. ಬಿದಿರೊಂದನ್ನೇ ಎಕರೆಗಟ್ಟಲೆ ನೆಟ್ಟರೆ ನೀಲಗಿರಿಯ ತಪ್ಪನ್ನೇ ಬೇರೆ ಹೆಸರಿನಲ್ಲಿ ಮಾಡಿದಂತೆ. ಬಿದಿರು ಹಲವು ದಶಕಗಳಿಗೊಮ್ಮೆ ಒಟ್ಟಿಗೆ ಹೂಬಿಟ್ಟು ಒಟ್ಟಿಗೆ ಸಾಯುವ ಸಸ್ಯ. ಅದೊಂದನ್ನೇ ನಂಬಿದವನು ಆ ವರ್ಷ ಬರಿಗೈಯಾಗುತ್ತಾನೆ.

ಇನ್ನು ಕಸುಬಿನ ಮಾತು. ಹನ್ನೆರಡನೆಯ ಶತಮಾನದ ಶರಣ ಮೇದಾರ ಕೇತಯ್ಯನ ಕಾಲದಿಂದಲೂ ಕನ್ನಡ ನಾಡಿನಲ್ಲಿ ಬಿದಿರಿನ ಕಾಯಕಕ್ಕೆ ಗೌರವವಿದೆ. ರೇಷ್ಮೆಯ ಈ ಸೀಮೆಯಲ್ಲಿ ಆ ಕಾಯಕಕ್ಕೆ ವಿಶೇಷ ಸ್ಥಾನವಿತ್ತು. ಹುಳು ಸಾಕುವ ತಟ್ಟೆ ಬಿದಿರಿನದು. ಹಣ್ಣಾದ ಹುಳು ಗೂಡು ಕಟ್ಟುವ ಚಂದ್ರಿಕೆ ಬಿದಿರಿನದು. ಆರಡಿ ಉದ್ದ, ನಾಲ್ಕಡಿ ಅಗಲದ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ಪಟ್ಟಿ ಸುತ್ತಿದ ಆ ಚಂದ್ರಿಕೆಯನ್ನು ಹೆಣೆಯುವ ಬೆರಳಿಗೆ ಬಿದಿರಿನ ಸೀಳು, ಬಾಗು, ಬಲಗಳೆಲ್ಲ ತಿಳಿದಿರುತ್ತವೆ. ಈಗ ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದಿದೆ. ಅದು ಮಡಚಲು ಸುಲಭ, ತೊಳೆಯಲು ಸುಲಭ, ರೈತನನ್ನು ದೂರುವಂತಿಲ್ಲ. ಆದರೆ ಒಂದು ಸೀಮೆಯ ಬೆರಳುಗಳಿಂದ ಒಂದು ಜ್ಞಾನ ಸದ್ದಿಲ್ಲದೆ ಕಳಚುತ್ತಿದೆ. ಹೆಣೆಯುವವನ ಮಗ ಇಂದು ಹೆದ್ದಾರಿಯ ಪಕ್ಕದ ಗೋದಾಮಿನಲ್ಲಿ ಮೂಟೆ ಹೊರುತ್ತಾನೆ.

ಮೇದಾರರಿಗೆ ಬಿದಿರು ದೊರೆಯದಂತೆ ಮಾಡಿದ್ದು ಪ್ಲಾಸ್ಟಿಕ್ಕೊಂದೇ ಅಲ್ಲ. ಉತ್ತರ ಕನ್ನಡದ ಕಾಡಿನ ಬಿದಿರು 1950ರ ದಶಕದ ಕೊನೆಯಲ್ಲಿ ಕಾಗದದ ಉದ್ಯಮಕ್ಕೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಹೋಗುತ್ತಿತ್ತು. ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಅದರ ನೂರಾರು ಪಟ್ಟು ಬೆಲೆ ತೆರುತ್ತಿದ್ದರು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಈ ಅನ್ಯಾಯವನ್ನು ದಾಖಲಿಸಿದರು. 1927ರ ಭಾರತೀಯ ಅರಣ್ಯ ಕಾಯಿದೆ ಬಿದಿರನ್ನು ಮರವೆಂದು ಎಣಿಸಿದ್ದರಿಂದ, ಸ್ವಂತ ಹೊಲದ ಬಿದಿರನ್ನು ಸಾಗಿಸಲೂ ರೈತ ಹೆದರಬೇಕಾಗಿತ್ತು. 2006ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಕರೆಯಿತು. 2017ರ ನವೆಂಬರಿನ ಸುಗ್ರೀವಾಜ್ಞೆ ಮತ್ತು ಅದನ್ನು ಹಿಂಬಾಲಿಸಿದ ತಿದ್ದುಪಡಿಯಿಂದಾಗಿ ಅರಣ್ಯದ ಹೊರಗೆ ಬೆಳೆದ ಬಿದಿರು ಕೇಂದ್ರ ಕಾಯಿದೆಯ ‘ಮರ’ ಎಂಬ ವ್ಯಾಖ್ಯೆಯಿಂದ ಹೊರಬಂದಿತು. ಕಾಯಿದೆ ಬದಲಾಗಿದೆ, ಹೊಲದ ಬದುವಿಗೆ ಬಿದಿರು ಇನ್ನೂ ಬಂದಿಲ್ಲ.

ಎಲ್ಲಿಂದ ಆರಂಭಿಸಬೇಕು

ಇಷ್ಟೆಲ್ಲ ಕೇಳಿದ ಮೇಲೆ ನಾಳೆಯೇ ಬಿದಿರಿನ ಸೈಕಲ್ಲಿನ ಕಾರ್ಖಾನೆ ತೆರೆಯಬೇಕೆಂದು ಯಾರೂ ಹೊರಡಬೇಕಾಗಿಲ್ಲ. ಕೆಲಸವನ್ನು ಸುಲಭದಿಂದ ಕಠಿಣಕ್ಕೆ, ಅಪಾಯವಿಲ್ಲದುದರಿಂದ ಅಪಾಯವುಳ್ಳದಕ್ಕೆ ಕ್ರಮವಾಗಿ ಒಯ್ಯುವುದು ವಿವೇಕ.

ಮೊದಲ ಹೆಜ್ಜೆ, ಇರುವ ಸೈಕಲ್ಲಿಗೆ ಬಿದಿರಿನ ಅಂಗಗಳು: ಮುಂದಿನ ಬುಟ್ಟಿ, ಹಿಂದಿನ ಕ್ಯಾರಿಯರು, ಸರಪಳಿಯ ಮುಚ್ಚಳ, ಕೆಸರುತಡೆ. ಇವು ಮುರಿದರೆ ಚೌಕಟ್ಟು ಮುರಿದಷ್ಟು ಅಪಾಯವಿಲ್ಲ. ಮೇದಾರರಿಗೆ ಹೊಸ ಅಳತೆಗಳು ಕೈಗೆ ಹತ್ತುತ್ತವೆ.

ಎರಡನೆಯದು ಹಿಂಗಾಡಿ. ಸೈಕಲ್ಲಿನ ಹಿಂದೆ ಸಿಕ್ಕಿಸುವ, ಎರಡು ಹಳೆಯ ಸೈಕಲ್ ಚಕ್ರಗಳ ಮೇಲೆ ಬಿದಿರಿನ ತೊಟ್ಟಿಲಿರುವ ಸಣ್ಣ ಗಾಡಿ. ಹಿಪ್ಪುನೇರಳೆ ಸೊಪ್ಪು ಬೃಹತ್ತಾದುದು, ಆದರೆ ಕಲ್ಲಿನಷ್ಟು ಭಾರವಲ್ಲ; ತೋಟದಿಂದ ಹುಳುಮನೆಯ ಅಲ್ಪ ದೂರಕ್ಕೆ ಅಂತಹ ಗಾಡಿ ಹೇಳಿಮಾಡಿಸಿದಂತಹುದು. ಬೆಳಗು ಸಂಜೆ ತಲೆಯ ಮೇಲೆ ಸೊಪ್ಪು ಹೊರುವ ಹೆಂಗಸರ ಕತ್ತಿನ ಭಾರ ಇದರಿಂದ ಇಳಿಯುವುದಾದರೆ ಅದೇ ದೊಡ್ಡ ಲಾಭ.

ಮೂರನೆಯದು ಮಕ್ಕಳ ಸಮತೋಲನದ ಸೈಕಲ್ಲು. ಪೆಡಲಿಲ್ಲದ, ಸರಪಳಿಯಿಲ್ಲದ, ಕಾಲಿನಿಂದ ನೆಲ ಒದ್ದು ಓಡಿಸುವ ಪುಟ್ಟ ಗಾಡಿ. 1817ರಲ್ಲಿ ಡ್ರೈಸ್ ಮಾಡಿದ್ದು ಇದನ್ನೇ. ಊರಿನ ಬಡಗಿ ತನ್ನಲ್ಲಿರುವ ಉಳಿ, ಬೈರಿಗೆಗಳಿಂದಲೇ ಇದನ್ನು ಮಾಡಬಲ್ಲನು. ಅಂಗನವಾಡಿಯ ಅಂಗಳದಲ್ಲಿ ಇದರ ಮೇಲೆ ತೂಗು ಕಲಿತ ಮಗು ಮುಂದೆ ದೊಡ್ಡ ಸೈಕಲ್ಲನ್ನು ಬೇಗ ಕಲಿಯುತ್ತದೆ.

ಈ ಮೂರು ಹೆಜ್ಜೆ ಗಟ್ಟಿಯಾದ ಮೇಲೆ ನಾಲ್ಕನೆಯದು ಚೌಕಟ್ಟು. ಅದನ್ನು ಒಂಟಿಯಾಗಿ ಮಾಡದೆ ಮೇದಾರ, ಬಡಗಿ, ಸೈಕಲ್ ರಿಪೇರಿಯವನು, ಐಟಿಐ ಅಥವಾ ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು ಮಾಡಬೇಕು. ಮೊದಲ ಕೆಲವು ಚೌಕಟ್ಟುಗಳು ಮುರಿಯುವುದಕ್ಕೆಂದೇ ಇರುವಂಥವು. ಮರಳುಮೂಟೆ ಹೇರಿ, ಕಲ್ಲುದಾರಿಯಲ್ಲಿ ಓಡಿಸಿ, ಮಳೆಯಲ್ಲಿ ನೆನೆಸಿ, ಚೈತ್ರದ ಬಿಸಿಲಿನಲ್ಲಿ ಒಣಗಿಸಿ, ಎಲ್ಲಿ ಬಿರಿಯಿತೆಂದು ಬರೆದಿಡಬೇಕು. ಪುಸ್ತಕದಲ್ಲಿ ಓದಿದ ಬಲವಿಜ್ಞಾನ ಅಂದು ವಿದ್ಯಾರ್ಥಿಗಳ ಕೈಗೆ ಬರುತ್ತದೆ. ಅಂತಹ ಪರೀಕ್ಷೆ ದಾಟಿದುದನ್ನು ಮಾತ್ರ ಮನುಷ್ಯರಿಗೆ ಕೊಡಬೇಕು. ಅದನ್ನು ನಗರದ ಸವಾರ ಹೆಚ್ಚಿನ ಬೆಲೆಗೆ ಕೊಂಡರೆ ನಾಚಬೇಕಾದುದಿಲ್ಲ. ಆ ಹಣ ನಂದಿಯ ತಪ್ಪಲಿನಲ್ಲೇ ಉಳಿಯಲಿ.

ರಸ್ತೆಯಿಲ್ಲದೆ ಸೈಕಲ್ಲಿಲ್ಲ

ಕಡೆಯದಾಗಿ ಒಂದು ಮಾತು. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಪ್ರೌಢಶಾಲೆ ದೂರವೆಂದು ಓದು ನಿಲ್ಲಿಸುತ್ತಿದ್ದ ಎಷ್ಟೋ ಹೆಣ್ಣುಮಕ್ಕಳು ಆ ಸೈಕಲ್ಲಿನ ಮೇಲೆ ಶಾಲೆಗೆ ಹೋದರು. ಕೋವಿಡ್ ಬಂದ 2020-21ರಿಂದ ಆ ವಿತರಣೆ ನಿಂತಿತು. ಆ ಹುಡುಗಿ ಬಿದಿರಿನದು ಬೇಕೆಂದು ಕೇಳಲಿಲ್ಲ. ಅವಳಿಗೆ ಬೇಕಾಗಿದ್ದುದು ಒಂದು ಸೈಕಲ್ಲು ಮತ್ತು ಅದನ್ನು ನಿರ್ಭಯವಾಗಿ ತುಳಿಯಲು ಒಂದು ದಾರಿ.

ಚಿಕ್ಕಬಳ್ಳಾಪುರದ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿ ಇಂದು ಯಾವ ತಾಯಿ ತನ್ನ ಮಗುವನ್ನು ಸೈಕಲ್ಲಿನ ಮೇಲೆ ಕಳಿಸಿಯಾಳು? ಕ್ವಾರಿಯ ಜಲ್ಲಿ ಲಾರಿಗಳು ಓಡುವ ಹಳ್ಳಿಯ ರಸ್ತೆಯಲ್ಲಿ ಮರದ ಚೌಕಟ್ಟಾದರೇನು, ಉಕ್ಕಿನ ಚೌಕಟ್ಟಾದರೇನು? ಆದುದರಿಂದ ಮರದ ಸೈಕಲ್ಲಿನ ಮಾತಾಡುವವರು ಗ್ರಾಮಸಭೆಯಲ್ಲಿ ಮೂರು ಬೇಡಿಕೆಗಳನ್ನು ಮೊದಲು ಇಡಬೇಕು: ಹೆದ್ದಾರಿಯ ಪಕ್ಕದಲ್ಲಿ ಸೈಕಲ್ಲಿಗೂ ಕಾಲ್ನಡಿಗೆಗೂ ಪ್ರತ್ಯೇಕ ದಾರಿ, ಊರಿನಿಂದ ಊರಿಗೆ ಕೆರೆ ಏರಿಗಳ, ಹಳೆಯ ಗಾಡಿಜಾಡುಗಳ ರಕ್ಷಣೆ, ನಿಂತುಹೋದ ಶಾಲಾ ಸೈಕಲ್ಲುಗಳ ಮರುವಿತರಣೆ.

ಮರದ ಸೈಕಲ್ಲಿನ ಆಕರ್ಷಣೆ ಸುಳ್ಳ್ಳಲ್ಲ. ಕೈಯಿಂದ ಮಾಡಿದ, ಒಂದರಂತೆ ಇನ್ನೊಂದಿಲ್ಲದ, ಮುಟ್ಟಿದರೆ ಬೆಚ್ಚಗಿರುವ ವಸ್ತುವಿನ ಮೇಲೆ ಮನುಷ್ಯನಿಗೆ ಪ್ರೀತಿ ಹುಟ್ಟುವುದು ಸಹಜ. ಪ್ರೀತಿಯಿಂದ ಇಟ್ಟುಕೊಂಡ ವಸ್ತು ಬಹುಕಾಲ ಬಾಳುತ್ತದೆ. ಬಹುಕಾಲ ಬಾಳಿದ್ದು ಕಸವಾಗುವುದಿಲ್ಲ. ಆದರೆ ಆ ಪ್ರೀತಿ ಅಂಗಡಿಯ ಗಾಜಿನ ಹಿಂದೆ ನಿಲ್ಲದೆ ಹೊಲದ ಬದುವಿನ ಬಿದಿರಿನವರೆಗೆ, ಹೆಣೆಯುವ ಬೆರಳಿನವರೆಗೆ, ಶಾಲೆಯ ದಾರಿಯವರೆಗೆ ಬರಬೇಕು.

ಈ ಮಳೆಗಾಲದಲ್ಲಿ ಪ್ರತಿ ಮನೆಯವರೂ ಹೊಲದ ಬದುವಿನಲ್ಲಿ ಎರಡು ಬಿದಿರಿನ ಬುಡ ನೆಡಲಿ; ಹಟ್ಟಿಯಲ್ಲಿ ಒರಗಿರುವ ಹಳೆಯ ಸೈಕಲ್ಲಿಗೆ ಎಣ್ಣೆ ಹಾಕಲಿ. ಬಿದಿರು ಬಲಿಯಲು ಇನ್ನೂ ಕೆಲವು ವರ್ಷ ಬೇಕು. ಅಷ್ಟರಲ್ಲಿ ಕಲಿಯಬೇಕಾದುದು ಬಹಳವಿದೆ.